ಮೀಟರಿಗೆ ಮುಸುಕು

ಬೆಳಿಗ್ಗೆ ಒಂಬತ್ತಕ್ಕೆ ಮುಳಬಾಗಿಲು ಬಿಟ್ಟಾಗ ನಮ್ಮ ಕರೆಂಟ್ ಕಾರಿನ ಮೀಟರು ನಲವತ್ತೆರಡು ತೋರಿಸುತ್ತಿತ್ತು. ಇನ್ನು ನಲವತ್ತೆರಡು ಕಿಲೋಮೀಟರ್ ಓಡುತ್ತೇನೆ ಅಂತ ಅದರ ಮಾತು. ಕೋಲಾರಕ್ಕೆ ಮೂವತ್ತೇ.

ಬಸ್ಸಿನವರ ಮುಷ್ಕರದ ಎರಡನೇ ದಿನ ಅದು. ನನ್ನ ಸೊಸೆ ಆದಿಲಕ್ಷ್ಮಿಯ ಹೆಸರು ಟೀಚರ್ ಕೆಲಸದ ಪಟ್ಟಿಯಲ್ಲಿ ಬಂದಿತ್ತು. ಹನ್ನೊಂದರೊಳಗೆ ಕೋಲಾರದ ಆಫೀಸಿನಲ್ಲಿ ಮಾರ್ಕ್ಸ್ ಕಾರ್ಡುಗಳನ್ನು ತೋರಿಸದಿದ್ದರೆ ಜಾಗ ಮುಂದಿನವರ ಪಾಲು. ಮಗ ಕದಿರೇಶ ಓಡಿಸುತ್ತಿದ್ದ, ಪಕ್ಕದಲ್ಲಿ ಅವಳು, ಹಿಂದಿನ ಚಿಕ್ಕ ಸೀಟಿನಲ್ಲಿ ಮಡಚಿಕೊಂಡು ನಾನು.

ದೇವರಾಯಸಮುದ್ರದ ಹತ್ತಿರ ರಸ್ತೆ ಏರಿತು. ಮೀಟರು ಮೂವತ್ತು, ಇಪ್ಪತ್ತೆರಡು, ಹನ್ನೊಂದು. ಅಲ್ಲಿದ್ದ ಕಲ್ಲಿನ ಮೇಲೆ, ಕೋಲಾರ ಹತ್ತೊಂಬತ್ತು.

"ಅಯಿಪೋಯಿಂದಿ, ಮುಗೀತು," ಅಂತ ಕದಿರೇಶ ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿದ.

"ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ರಲ್ಲ?" ಅಂದಳು ಸೊಸೆ.

ಅವನು ಸ್ಟೀರಿಂಗ್ ಒರೆಸುತ್ತಾ ಕೂತ. ಆಮೇಲೆ ಮೆಲ್ಲಗೆ, "ಬೆಳಗಿನ ಜಾವ ಕುರುಡುಮಲೆಗೆ ಹೋಗಿದ್ದೆ. ನಿನ್ನ ಕೆಲಸ ಆಗ್ಲಿ ಅಂತ ಗಣಪತಿಗೆ ಕಾಯಿ ಒಡೆಸ್ಕೊಂಡು ಬಂದೆ."

"ಈ ಕಾರಲ್ಲೇ?"

"ಬಂದಾಗ ಮೂವತ್ತು ತೋರಿಸ್ತು. ತಿಂಡಿ ತಿಂದು ನೋಡಿದ್ರೆ ನಲವತ್ತೆರಡು. ದೇವರೇ ತುಂಬಿಸಿದ ಅಂದ್ಕೊಂಡೆ."

"ದೇವರು ಬ್ಯಾಟರಿ ಅಂಗಡಿ ಇಟ್ಟಿದಾನೇನ್ರೀ?"

ನನಗೆ ನಗು ಬಂತು. ಆ ಬ್ಯಾಟರಿಗಳಿಗೆ ತಿಂಗಳಿಗೊಮ್ಮೆ ಮಳೆನೀರು ಸೋಸಿ ಹಾಕುವವಳು ನಾನು. ಏಳು ವರ್ಷದ ಹಳೇ ಕಾರು, ಬೆಂಗಳೂರಿನವರು ಓಡಿಸಿ ಬಿಟ್ಟದ್ದು. ನಿಂತರೆ ಮೀಟರು ಏರುತ್ತೆ, ದಿಣ್ಣೆ ಕಂಡರೆ ಇಳಿಯುತ್ತೆ. ಮುದಿ ಎತ್ತಿನ ಹಾಗೆ. ಸ್ವಲ್ಪ ಹೊತ್ತು ನೊಗ ಇಳಿಸಿದರೆ ಇನ್ನೊಂದಿಷ್ಟು ದೂರ ಎಳೆಯುತ್ತೆ, ಆದರೆ ಎದ್ದು ನಿಂತ ಠೀವಿ ನೋಡಿ ಹೊರೆ ಹೇರಬಾರದು.

"ಅರ್ಧ ಗಂಟೆ ಬಿಡ್ರೋ ಅದನ್ನ. ಸುಧಾರಿಸ್ಕೊಳ್ಳುತ್ತೆ," ಅಂದೆ.

ಆ ಹೊತ್ತಿನಲ್ಲಿ ಕದಿರೇಶ ಮೂರು ಲಾರಿಗೆ ಕೈ ಅಡ್ಡ ಹಾಕಿದ. ಒಂದೂ ನಿಲ್ಲಲಿಲ್ಲ. ಹತ್ತೂ ಐದಕ್ಕೆ ಮೀಟರು ಹದಿನೇಳು.

"ಇನ್ನೂ ಎರಡು ಕಮ್ಮಿ," ಅಂದ, ಮತ್ತೆ ಸ್ಟೀರಿಂಗ್ ಮುಂದೆ ಕೂತು.

ನಾನು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. "ನಿನ್ನ ತೂಕ ಎಷ್ಟಪ್ಪ?"

"ತೊಂಬತ್ತೈದು. ಯಾಕಮ್ಮ?"

"ಇಳಿ."

"ಓಡಿಸೋರು ಯಾರು?"

ಆದಿಲಕ್ಷ್ಮಿ ಆಗಲೇ ಇಳಿದು ಸ್ಟೀರಿಂಗ್ ಕಡೆ ಬಂದು ಬಾಗಿಲು ಹಿಡಿದಿದ್ದಳು. ಅವಳಿಗೆ ಲೈಸೆನ್ಸ್ ಬಂದು ಎರಡು ತಿಂಗಳು. ಹೈವೇಗೆ ಮಾತ್ರ ಇವನು ಬಿಟ್ಟಿರಲಿಲ್ಲ.

"ಲಾರಿಗಳು ಬರ್ತಾವೆ ಕಣೇ..."

"ಅವಕ್ಕೆ ನಾನೂ ಕಾಣಿಸ್ತೀನಿ. ಇಳೀರಿ."

ಇಳಿದ. ಕಾರು ಒಂದು ಗೇಣು ಮೇಲೆದ್ದಿತು. ನಾನು ಮುಂದೆ ಬಂದು ಕೂತೆ.

ಹೊರಟೆವು. ರಸ್ತೆ ಅಗಲ ಮಾಡಲು ಅಲ್ಲಲ್ಲಿ ಅಗೆದಿದ್ದರು. ಲಾರಿ ಪಕ್ಕದಲ್ಲಿ ಹಾದರೆ ಕಾರು ಅಲ್ಲಾಡುತ್ತಿತ್ತು. ಸೊಸೆಯ ಕಣ್ಣು ಮೀಟರಿಗೆ, ರಸ್ತೆಗೆ, ಮತ್ತೆ ಮೀಟರಿಗೆ. ಒಂಬತ್ತು. ಆರು. ಮತ್ತೆ ಎಂಟು. ಅದು ಇಳಿದಾಗೆಲ್ಲಾ ಇವಳು ಕಾಲೆತ್ತಿ ಮತ್ತೆ ಒತ್ತುತ್ತಿದ್ದಳು, ಕಾರು ಮುಗ್ಗರಿಸುತ್ತಿತ್ತು. ನಾನು ಕರ್ಚೀಫು ತೆಗೆದು ಮೀಟರಿನ ಮುಖಕ್ಕೆ ಮುಚ್ಚಿದೆ.

"ಅತ್ತೆ, ಎಷ್ಟಿದೆ ಅಂತ ಗೊತ್ತಾಗಲ್ಲ."

"ಇಷ್ಟು ಹೊತ್ತು ಗೊತ್ತಿತ್ತಾ? ಕಲ್ಲು ನಾನು ಎಣಿಸ್ತೀನಿ. ನೀನು ರಸ್ತೆ ನೋಡು, ಒಂದೇ ಸಮ ಹೋಗು."

ಹನ್ನೆರಡು ಅಂದೆ. ಏಳು ಅಂದೆ. ಇಳಿಜಾರು ಬಂದಾಗ ಅವಳೇ ಕಾಲೆತ್ತಿ ಕಾರನ್ನು ತಾನಾಗಿ ಹರಿಯಬಿಟ್ಟಳು. ಮೂರು ಅಂದೆ. ಕೊನೆಗೆ ಕಾರು ನಡೆಯುವವರಿಗಿಂತ ಸ್ವಲ್ಪ ಮುಂದೆ ಅನ್ನುವಷ್ಟೇ ಓಡುತ್ತಾ ಆಫೀಸಿನ ಗೇಟು ದಾಟಿ ಬೇವಿನಮರದ ಕೆಳಗೆ ನಿಂತಿತು. ಹತ್ತೂ ಐವತ್ತೆರಡು. ಸೊಸೆ ಫೈಲು ಎದೆಗೊತ್ತಿಕೊಂಡು ಓಡಿದಳು, ಒಂದು ಚಪ್ಪಲಿ ಕಾರಲ್ಲೇ ಬಿಟ್ಟು. ಇನ್ನೊಂದನ್ನು ಮೆಟ್ಟಿಲ ಮೇಲೆ ಕಳಚಿಟ್ಟಳು.

ಅವಳು ಸಹಿ ಹಾಕಿ ಹೊರಗೆ ಬರುವ ಹೊತ್ತಿಗೆ ಟೊಮೆಟೊ ಟೆಂಪೋದಿಂದ ಕದಿರೇಶ ಇಳಿದ. ಹೆಂಡತಿಯ ಮುಖ ನೋಡಿದ್ದೇ ಅವನಿಗೆ ವಿಷಯ ತಿಳಿಯಿತು. ಕಣ್ಣು ಒರೆಸಿಕೊಂಡು ನೇರ ಕಾರಿಗೆ ಬಗ್ಗಿ ಕೀ ತಿರುಗಿಸಿ ಕರ್ಚೀಫು ಎತ್ತಿದ.

"ಅಮ್ಮ, ಹದಿನಾಲ್ಕು ಇದೆ! ನಾನೂ ಕೂತು ಬರಬಹುದಿತ್ತು."

ಆದಿಲಕ್ಷ್ಮಿ ಅವನ ಕೈಯಿಂದ ಕೀ ತೆಗೆದುಕೊಂಡು ಮೀಟರಿಗೆ ಮತ್ತೆ ಮುಸುಕು ಹಾಕಿದಳು.

"ಮೊದಲು ಚಾರ್ಜ್ ಮಾಡೋಕೆ ಜಾಗ ಹುಡುಕ್ರೀ. ವಾಪಸ್ ನಾನೇ ಓಡಿಸ್ತೀನಿ."