ಐಸಿನಲ್ಲಿ ಹೂತ ರಕ್ತ

ಗೋಡೆಯಾಚೆ ರಕ್ತ ತಿರುಗಿಸುವ ಯಂತ್ರ ಗಿರ್ರೆನ್ನುತ್ತಿದೆ, ಮನೆಯ ಬೋರ್‌ವೆಲ್ ಪಂಪಿನದೇ ಸದ್ದು, ಲೊರೇನ್ ಟೋಪಿ ಹಿಸುಕುತ್ತ ಬೆಂಚಿನ ಮೇಲೆ ಕೂತಿದ್ದಾಳೆ, ಮೊನ್ನೆಯೂ ಇಲ್ಲೇ ಕೂತಿದ್ದಳು, ಮೊನ್ನೆ ಲ್ಯಾಬಿನ ಹಿಲ್ಡಾ ಬೆಳಕಿಗೆ ಹಿಡಿದ ಕೊಳವೆಯಲ್ಲಿ ಕೆಂಪು ನೀರು, ಬರೀ ಕೆಂಪು ನೀರು — ಪಕ್ಕದಲ್ಲಿ ಮಗಳು ಬ್ರಿಯನಿ, ಹದಿನಾರು ವರ್ಷ, ಬೋಳುತಲೆ, ಊರುಗೋಲು, ಮೊಣಕಾಲ ಮೂಳೆಯಲ್ಲಿ ಕ್ಯಾನ್ಸರ್. ಎರಡು ಸುತ್ತು ಔಷಧ ಆಗಿದೆ, ರಕ್ತಪರೀಕ್ಷೆಯ ಎರಡು ಅಂಕಿ ಇಳಿದರೆ ಔಷಧ ನಾಟುತ್ತಿದೆ ಎಂದರ್ಥ, ಕಾಲು ಉಳಿಸಿಕೊಂಡೇ ಗಡ್ಡೆ ತೆಗೆಯಬಹುದು, ಇಳಿಯದಿದ್ದರೆ — ಬ್ರಿಸ್ಬೇನಿನ ಡಾಕ್ಟರು ಅಲ್ಲಿಗೇ ಮಾತು ನುಂಗಿದ್ದರು, ನುಂಗದವಳು ಇವಳೇ, ಹೇಳ್ಬಿಡಿ ಡಾಕ್ಟ್ರೇ, ಒಂಟಿಕಾಲಲ್ಲಿ ಕುದುರೆ ಹತ್ತೋದು ಈಗ್ಲೇ ಕಲೀತೀನಿ, ಎಂಥ ಗುಂಡಿಗೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ಇದು. ಮೊನ್ನೆ ರಕ್ತ ಒಯ್ಯಬೇಕಿದ್ದ ಅಂಚೆ ವಿಮಾನ ಬರಲಿಲ್ಲ, ಊರಿನ ಕ್ಲಿನಿಕ್ಕಿನ ನರ್ಸು ಕೊಳವೆಗಳನ್ನು ಅವಳ ಕೈಗೇ ಕೊಟ್ಟಳು, ತಣ್ಣಗಿರ್ಲಿ ಲೊರೇನ್ ಅಂದಳು, ಮುನ್ನೂರು ಕಿಲೋಮೀಟರು ಮಣ್ಣುರಸ್ತೆ, ನಲವತ್ತೆರಡು ಡಿಗ್ರಿ ಬಿಸಿಲು, ಇಪ್ಪತ್ತು ವರ್ಷ ದನದ ಮಾಂಸ ಸಾಗಿಸಿದ ಕೈ, ಮಾಂಸಕ್ಕೆ ಮಾಡಿದ ಹಾಗೇ ಮಾಡಿತು, ಐಸಿನ ಆಳದಲ್ಲಿ ಹೂತು ಮೇಲೆ ಹಿಡಿ ಉಪ್ಪು, ಐಸು ಇನ್ನಷ್ಟು ಕೊರೆಯಲಿ ಎಂದು. ಬಂದ ಅಂಕಿಗಳೋ, ಎತ್ತು ಏರಿಗೆ, ಕೋಣ ನೀರಿಗೆ, ಒಂದು ಅರ್ಧಕ್ಕಿಳಿದಿದೆ, ಇನ್ನೊಂದು ಆಕಾಶಕ್ಕೇರಿದೆ, ಬೇರೆ ಯಾರಾದರೂ ಹಾಗೇ ಡಾಕ್ಟರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಹಿಲ್ಡಾ ಕಳಿಸಲಿಲ್ಲ, ಮೂವತ್ತು ವರ್ಷ ಇದೇ ಕಿಟಕಿಯಲ್ಲಿ ಕೊಳವೆ ಹಿಡಿದು ನೋಡಿದ ಮುದುಕಿ, ಏನೇ ಲೊರೇನ್, ಮಗಳ ರಕ್ತಾನ ಸ್ಟೇಕ್ ಅಂದ್ಕೊಂಡ್ಯಾ, ರಕ್ತ ಐಸಾಗಿ ಕಣ ಎಲ್ಲ ಒಡೆದೋಗಿವೆ, ಅದ್ಕೇ ಈ ಕೆಂಪು, ಅದ್ರೊಳಗಿದ್ದದ್ದೇ ಸುರಿದು ಅಂಕಿ ಏರಿದೆ, ಇದು ರೋಗದ ಅಂಕಿ ಅಲ್ಲ, ನಿನ್ ಐಸಿಂದು, ಹೋಗು, ಹುಡುಗೀನೇ ಕರ್ಕೊಂಡ್ ಬಾ. ನಾಚಿಕೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು, ಒಂದು ಹಿಡಿ ಉಪ್ಪು ಮಗಳ ಕಾಲು ತಿನ್ನುತ್ತಿತ್ತಲ್ಲ, ಆ ಮುದುಕಿಯ ಕಣ್ಣಿಗೆ ದೃಷ್ಟಿ ತೆಗೆಯಬೇಕು — ಮಮ್, ಈ ಸಲ ನನ್ಗೆ ಉಪ್ಪು ಹಾಕಿಲ್ಲ ತಾನೇ, ಬ್ರಿಯನಿ ಕಿಸಕ್ಕೆಂದಳು, ನಗಬೇಡ ಕಣೇ, ಯಂತ್ರ ನಿಂತಿತು. ಬಾಗಿಲಲ್ಲಿ ಹಿಲ್ಡಾ, ಕೊಳವೆ ಎತ್ತಿ ಬೆಳಕಿಗೆ ಹಿಡಿದಳು, ಕೆಂಪಿಲ್ಲ, ಒಣಹುಲ್ಲಿನ ತಿಳಿ ಹಳದಿ, ಕೂತಿರಿ, ಅಳೆದು ಹೇಳ್ತೀನಿ. ಒಂದು ಗಂಟೆ, ಗಂಟೆಯೋ ವರ್ಷವೋ, ಮತ್ತೆ ಅದೇ ಬಾಗಿಲು, ಎರಡೂ ಇಳಿದಿವೆ ಕಣ್ರೇ, ಎರಡೂ. ಬ್ರಿಯನಿ ಏನೋ ಕೂಗುತ್ತಿದ್ದಾಳೆ, ಊರುಗೋಲು ನೆಲಕ್ಕೆ ಬಿತ್ತು, ಲೊರೇನ್‌ಗೆ ಕೇಳಿಸುತ್ತಿಲ್ಲ, ಕಾಣುವುದೊಂದೇ, ಬೆಳಕಿಗೆ ಹಿಡಿದ ಕೊಳವೆ, ಆ ಹಳದಿ, ಒಣಹುಲ್ಲಿನ ಹಳದಿ