ಬಾಡಿಗೆ ದನಿ

ವಾಸನೆ, ಮಾಸ್ಕ್ ದಾಟಿ ಬಂದೇಬಿಟ್ಟಿತು, ಒಳಗೊಳಗೇ ಕೊಳೆತದ್ದರ ಮುಚ್ಚಳ ಈಗಷ್ಟೇ ತೆಗೆದ ಹಾಗೆ, ಕುರ್ಚಿಯಲ್ಲಿ ಮಲಗಿದ ದರ್ಜಿಯ ದವಡೆಯ ಕೆಳಗೆ ಊದಿ ಬಿಗಿದಿದೆ, ಚರ್ಮ ಹೊಳೆಯುತ್ತಿದೆ, ಬಾಯಿ ತೆರೆಯಲಾರದೆ ತೆರೆಯುತ್ತಿದ್ದಾನೆ — ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ — ನುಂಗಲಾಗದ ಉಗುಳು ಗಲ್ಲಕ್ಕೆ ಇಳಿಯುತ್ತಿದೆ, ಬಾಗಿಲ ಬಳಿ ಅವನ ಹೆಂಡತಿ ಹೇಳುತ್ತಲೇ ಇದ್ದಾಳೆ, ಮೊನ್ನೇನೇ ಫೋನ್ ಮಾಡಿದ್ವಿ ಡಾಕ್ಟ್ರಮ್ಮ, ಯಾರೋ ಹುಡುಗಿ ಎಷ್ಟು ನಯವಾಗಿ ಮಾತಾಡಿದ್ಲು ಅಂತೀರಿ, ಊದಿದೆ ಕಣಮ್ಮ ಅಂದೆ, ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತೆ ಮೇಡಂ, ಮುಂದಿನ ವಾರ ಬನ್ನಿ ಅಂದ್ಲು. ಅರ್ಥವಾಗುತ್ತೆ! ಏನು ಮಣ್ಣು ಅರ್ಥವಾಯಿತು, ಎಲ್ಲೋ ದೂರದ ಕಟ್ಟಡದಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ನನ್ನ ಹಲ್ಲಿನ ಕ್ಲಿನಿಕ್ಕಿನ ಹೆಸರು, ಯಾವುದೋ ಕಣ್ಣಿನ ಆಸ್ಪತ್ರೆಯ ಹೆಸರು, ಬ್ಯೂಟಿಪಾರ್ಲರಿನ ಹೆಸರು ಎಲ್ಲವನ್ನೂ ಒಂದೇ ರಾಗದಲ್ಲಿ ಹೇಳುವವಳು, ಅವಳನ್ನು ಬೈದು ಏನು ಬಂತು, ಅವಳು ಕಂಡದ್ದು ದವಡೆಯನ್ನಲ್ಲ, ಪರದೆಯ ಮೇಲೆ ಮುಂದಿನ ವಾರದ ಖಾಲಿ ಚೌಕವನ್ನು. ಅಕ್ಕ ಇದ್ದಿದ್ದರೆ ಮೊನ್ನೆಯೇ ಕರೆಸುತ್ತಿದ್ದಳು — ಊರೆಲ್ಲ ಅಕ್ಕ ಅಂತಲೇ ಕರೆಯುವ ನಮ್ಮ ಹಳೆಯ ರಿಸೆಪ್ಷನಿಸ್ಟ್ — ಹಾಗಂತ ಅವಳೇನು ಬಂಗಾರವಲ್ಲ, ಬಾಯಿ ಬಿಟ್ಟರೆ ಬೈಗುಳ, ತಡವಾಗಿ ಬಂದವರಿಗೆ ಏನ್ರೀ ಹಲ್ಲು ನಿಮ್ದೋ ನಂದೋ ಎನ್ನುವವಳು, ಮೇಜಿನ ಮೇಲೇ ತಲೆ ಬಾಚಿಕೊಳ್ಳುವವಳು, ಆ ಎಣ್ಣೆಗೂದಲು ಬಿಲ್ಲಿನ ಪುಸ್ತಕದಲ್ಲಿ ಸಿಕ್ಕಾಗ ನನಗೆ ಹೇಸಿಗೆಯಾಗುತ್ತಿತ್ತು, ಇವರು ಅದನ್ನೇ ಹಿಡಿದುಕೊಂಡರು, ನನ್ನ ಗಂಡ, ನೋಡು, ಏಜೆನ್ಸಿಯವರು ಫೋನೂ ನೋಡ್ಕೊತಾರೆ, ಅಸಿಸ್ಟೆಂಟನ್ನೂ ಕಳಿಸ್ತಾರೆ, ರಜೆ ಅಂತಿಲ್ಲ, ಮುನಿಸು ಅಂತಿಲ್ಲ, ಒಂದು ತಿಂಗಳು ನೋಡೋಣ, ಅಕ್ಕ ಮನೇಲಿ ಸ್ವಲ್ಪ ರೆಸ್ಟ್ ತಗೊಳ್ಳಲಿ. ಇವತ್ತು ತಿಂಗಳು ಮುಗಿಯಿತು, ಮುಂದುವರಿಸುವುದಕ್ಕೆ ಸಹಿ ಹಾಕಿಸಿಕೊಳ್ಳಲು ಏಜೆನ್ಸಿಯವನು ಬರುತ್ತಾನಂತೆ.

ಸಣ್ಣದಾಗಿ ಕೊಯ್ದೆ, ಬಿರುಕು ಬಿಟ್ಟ ಕೊಳವೆಯ ಹಾಗೆ ಒಮ್ಮೆಲೇ ಕೀವು, ಹಳದಿ, ನಡುವೆ ರಕ್ತದ ಎಳೆ, ಸಕ್ಷನ್ ಹಿಡಿಯಮ್ಮ, ಹತ್ತಿರ ಹಿಡಿ, ಗಂಟಲಿಗೆ ಹೋಗಬಾರದು — ಏಜೆನ್ಸಿ ಕಳಿಸಿದ ಅಸಿಸ್ಟೆಂಟ್, ನಿನ್ನೆ ಬಂದವಳಲ್ಲ, ಮೊನ್ನೆ ಬಂದವಳೂ ಅಲ್ಲ, ಇವಳಿಗೆ ನನ್ನ ಡ್ರಾಯರ್ ಯಾವುದೆಂದೂ ಗೊತ್ತಿಲ್ಲ, ನಾನು ಅವಳ ಹೆಸರನ್ನೂ ಕೇಳಿಲ್ಲ — ಉವ್ವೆಂದು ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು, ಸಕ್ಷನ್ ಕೊಳವೆ ನೆಲದ ಮೇಲೆ ಬಿದ್ದು ಗಾಳಿಯನ್ನೇ ಕುಡಿಯುತ್ತಿದೆ, ದರ್ಜಿಯ ತಲೆ ಪಕ್ಕಕ್ಕೆ ತಿರುಗಿಸಿದೆ, ಉಗುಳಿ, ಉಗುಳಿ ಅಂದೆ, ಕೊಳವೆಯ ತುದಿ ಬದಲಿಸಿ ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಹತ್ತಿಯನ್ನೂ ಹಿಡಿದೆ, ಅವನ ಬೆರಳುಗಳು ನನ್ನ ಕೋಟಿನ ಅಂಚನ್ನು ಹಿಡಿದುಕೊಂಡಿದ್ದವು, ಬಟ್ಟೆ ಹಿಡಿಯುವುದು ಗೊತ್ತಿರುವ ಬೆರಳು, ಆಮೇಲೆ ನಿಧಾನಕ್ಕೆ ಸಡಿಲಾದವು, ಉಸಿರು ಸರಾಗವಾಯಿತು, ಅಮ್ಮಾ ಅಂದ, ಅಷ್ಟೇ, ಬದುಕಿಕೊಂಡ, ದೊಡ್ಡಾಸ್ಪತ್ರೆಗೆ ಈಗಲೇ ಕಳಿಸಬೇಕು, ಇನ್ನೊಂದು ದಿನ ಬಿಟ್ಟಿದ್ದರೆ ಆ ಊತ ಗಂಟಲಿಗೆ ಇಳಿಯುತ್ತಿತ್ತು, ಅವನ ಹೆಂಡತಿ ನನಗೆ ಕೈ ಮುಗಿಯುತ್ತಿದ್ದಾಳೆ, ಮುಗಿಯಬೇಡಮ್ಮ, ಥೂ, ಯಾಕೆ ಮುಗಿಯುತ್ತೀಯ.

ಇವರು ಬಾಗಿಲಲ್ಲಿ, ಮೂಗಿಗೆ ಕರ್ಚೀಫು, ಪಿಸುದನಿಯಲ್ಲಿ, ಟೆನ್ಷನ್ ಮಾಡ್ಕೋಬೇಡ, ಫೋನ್ ಎತ್ತಿದ್ದು ಅವರು, ಏನೇ ಆದ್ರೂ ನಮ್ಮ ತಲೆಗೆ ಬರಲ್ಲ, ಟ್ರಯಲ್ ಅಗ್ರಿಮೆಂಟಲ್ಲೇ ಇದೆ. ನಮ್ಮ ತಲೆಗೆ ಬರಲ್ಲ. ಅಸಹ್ಯ ಅಂದರೆ ಇದು, ಕೀವಲ್ಲ, ಕೀವಾದರೂ ಪ್ರಾಮಾಣಿಕವಾಗಿ ನಾರುತ್ತದೆ, ಈ ಮನುಷ್ಯ ಬೆಳಿಗ್ಗೆ ಸ್ನಾನ ಮಾಡಿ ಸೆಂಟು ಹಾಕಿಕೊಂಡು ನನ್ನ ಪಕ್ಕ ಕೂತು ಕಾಫಿ ಕುಡಿದವನು — ರೀ, ಮೊದಲು ಆಂಬುಲೆನ್ಸಿಗೆ ಹೇಳಿ, ಆಮೇಲೆ ಅಕ್ಕನಿಗೆ ಫೋನ್ ಮಾಡಿ, ಈಗಲೇ, ನನ್ನ ಕೈ ಗಲೀಜು, ನೀವೇ ನನ್ನ ಕಿವಿಗೆ ಹಿಡೀರಿ. ಹಿಡಿದರು, ಆದಷ್ಟು ದೂರ ನಿಂತು, ತೋಳು ಚಾಚಿ. ಅತ್ತಲಿಂದ ಅಕ್ಕ, ಏನು, ಈಗ ನೆನಪಾಯ್ತಾ ನಾನು? ದರ್ಜಿಯ ವಿಷಯ ಹೇಳಿದೆ, ಅಯ್ಯೋ ಹಾಳಾಗ್ಲಿ, ಉಸಿರಾಡ್ತಿದ್ದಾನಾ? ಆಡ್ತಿದ್ದಾನೆ. ನಾಳೆಯಿಂದ ಬಾ ಅಕ್ಕ. ಬರ್ತೀನಿ, ಬಂದು ನಿನ್ನ ಗಂಡನ ಮುಖ ನೋಡ್ಬೇಕಲ್ಲ, ಅದೇ ಬೇಜಾರು — ಇವರ ಕಿವಿಗೂ ಬಿತ್ತು, ಬೀಳಲಿ. ತಲೆ ಮಾತ್ರ ಮನೇಲೇ ಬಾಚ್ಕೊಂಡು ಬಾ ಅಂದೆ. ನೋಡೋಣ ಅಂದಳು. ಓಡಿಹೋದ ಹುಡುಗಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು, ನನ್ನನ್ನು ಕಂಡು ಹೆದರಿದಳು, ಕೂತ್ಕೋ, ನೀರು ಕುಡಿ, ನಿನ್ನ ಹೆಸರೇನು ಎಂದು ಕೇಳುವಷ್ಟರಲ್ಲಿ ಹಿಂದಿನಿಂದ ಗುಡ್ ಮಾರ್ನಿಂಗ್ ಡಾಕ್ಟರ್, ಏಜೆನ್ಸಿಯವನು, ಇಸ್ತ್ರಿ ಮುರಿಯದ ಅಂಗಿ, ಬಿಳಿ ಬಿಳಿ ಹಲ್ಲು, ನಮ್ಮ ಸರ್ವಿಸ್ ಹೇಗನ್ನಿಸ್ತು ಡಾಕ್ಟರ್, ಕೈ ಮುಂದೆ ಚಾಚಿಯೇಬಿಟ್ಟ, ನಾನೂ ಚಾಚಿದೆ, ಗ್ಲೌಸ್ ಬಿಚ್ಚಿರಲಿಲ್ಲ, ಬಿಚ್ಚಬೇಕೆನಿಸಲೂ ಇಲ್ಲ, ಬೆರಳ ತುದಿಯಿಂದ ಹಳದಿ ಹನಿಯುತ್ತಿದೆ, ಅವನು ನೋಡಿದ, ನಗು ಹಾಗೇ ಇದೆ, ಕೈ ಹಿಂದಕ್ಕೆ ತೆಗೆದುಕೊಳ್ಳಲಾರ, ಮುಂದಕ್ಕೆ ತರಲಾರ, ಶುಭ್ರವಾದ ಕೈ, ಉಗುರು ನೀಟಾಗಿ ಕತ್ತರಿಸಿದ ಕೈ, ಗಾಳಿಯಲ್ಲಿ, ಆ ಕೈ —