ಪಳಂ ಎಂದರೆ ಹಣ್ಣು

ತಮಿಳು ಪಾಠ ಶುರುವಾದರೆ ಮೂರನೇ ತರಗತಿಯ ಯುವಶ್ರೀ ಬೆಂಚಿನ ಮೇಲೆ ನಿಲ್ಲಬೇಕು. ಉತ್ತರ ಚೆನ್ನೈನ ಆ ಶಾಲೆಯಲ್ಲಿ ಅದು ನಿತ್ಯದ ನೋಟ. ಹಣ್ಣಿಗೆ ತಮಿಳಿನಲ್ಲಿ ‘ಪಳಂ’. ನಾಲಿಗೆ ಹಿಂದಕ್ಕೆ ಮಡಚಿ ಹೇಳಬೇಕಾದ ಆ ಅಕ್ಷರ ಹೊರಳದೆ ಅವಳ ಬಾಯಲ್ಲಿ ‘ಪಯಂ’ ಆಗುತ್ತಿತ್ತು. ತಮಿಳಿನಲ್ಲಿ ಹಾಗೆ ಬರೆದರೆ ಅದರ ಅರ್ಥ ಭಯ. ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ತೇನ್ಮೊಳಿ ಟೀಚರ್ ಮಾತ್ರ, “ಇನ್ನೊಂದ್ಸಲ” ಎನ್ನುತ್ತಿದ್ದರು. ತೇನ್ಮೊಳಿ ಎಂದರೆ ಜೇನಿನಂಥ ಮಾತು. ತಪ್ಪು ಕಂಡರೆ ಆ ಜೇನು ಕುಟುಕುತ್ತಿತ್ತು. ಒಂದು ತಿಂಗಳಿಂದ ಹುಡುಗಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು.

ಒಂದು ದಿನ ಅವಳ ತಾಯಿ ಅಂಜಲೈ ಬಾಳೆಹಣ್ಣಿನ ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ ಟೀಚರ್ ಬಳಿ ಬಂದಳು.

“ಮಿಸ್, ಇವಳು ಇನ್ಮೇಲೆ ಸ್ಕೂಲೇ ಬೇಡ ಅಂತಾಳೆ. ನಾನೂ ಹದಿನೈದು ವರ್ಷದಿಂದ ‘ಪಯಂ’ ಅಂತಾನೇ ಕೂಗಿ ಮಾರ್ತಿದೀನಿ. ಯಾರೂ ಹಣ್ಣು ವಾಪಸ್ ಕೊಟ್ಟಿಲ್ಲ.”

“ಮಾರೋಕೆ ಸಾಕಮ್ಮ. ನಾಳೆ ದೊಡ್ಡ ಕೆಲಸಕ್ಕೆ ಹೋದಾಗ ಜನ ನಗಬಾರದಲ್ವಾ?”

“ಈಗ್ಲೇ ನಗ್ತಿದಾರಲ್ಲ, ಮಿಸ್.”



ಸಂಜೆ ಟೀಚರ್ ಮನೆಗೆ ಬಂದಾಗ ಅವರ ಗಂಡ ಇಳಂಗೋ, “ತೇನ್ಮೊ... ಯಿ” ಎಂದು ಕರೆದರು. ಲಕ್ವ ಹೊಡೆದ ಮೇಲೆ ಅವರ ಮಾತು ತೊದಲುತ್ತಿತ್ತು.

“ಸರಿಯಾಗಿ ಹೇಳ್ರೀ, ಆಮೇಲೆ ಕಾಫಿ” ಎಂದರು ಟೀಚರ್. ಇಳಂಗೋ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಅವರಿಗೆ ಮಾತು ಕಲಿಸಲು ಬರುತ್ತಿದ್ದ ಶಕೀಲಾ ಸುಮ್ಮನಿರಲಿಲ್ಲ. “ಮೇಡಂ, ಹೆದರಿದ ಮಿದುಳು ತಪ್ಪಿಸಿಕೊಳ್ಳೋ ದಾರಿ ಹುಡುಕುತ್ತೆ. ಕಲಿಯೋಕೆ ಅದಕ್ಕೆ ಪುರುಸೊತ್ತೆಲ್ಲಿ? ಕರೆದ್ರೆ ಮೊದ್ಲು ಓಗೊಡಿ. ದಿನಾ ಒಂಚೂರು ಹೇಳಿಸಿ. ನಡೆದೂ ನಡೆದೂ ಹೊಸ ದಾರಿ ಬೀಳುತ್ತೆ.”

“ಮಕ್ಕಳಿಗೂ ಹಾಗೇನಾ?”

“ಅವರ ತಲೇಲೂ ಇರೋದು ಮಿದುಳೇ ಅಲ್ವಾ, ಮೇಡಂ?”

ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಮಕ್ಕಳನ್ನು ಬೆಂಚು ಹತ್ತಿಸಿದೆನೋ ಎಂದು ಟೀಚರ್ ನೆನೆದರು. ಎದ್ದು ಹೋಗಿ ಕಾಫಿ ತಂದು ಗಂಡನ ಕೈಗಿಟ್ಟರು.

ಮರುದಿನ ಅಂಜಲೈ ಮಗಳನ್ನು ಎಳೆದುಕೊಂಡೇ ಬಂದು ಬಿಟ್ಟುಹೋದಳು. ಪಾಠ ಶುರುವಾಗುತ್ತಲೇ ಯುವಶ್ರೀ ತಾನಾಗಿ ಬೆಂಚು ಹತ್ತಿದಳು.

“ಇಳಿಯೇ ಪುಟ್ಟಿ. ಇವತ್ತು ನಾನು ಗಿರಾಕಿ, ನೀನು ಗಾಡಿಯವಳು. ಅಮ್ಮ ಹೇಗೆ ಕೂಗ್ತಾಳೆ?”

ಹುಡುಗಿ ಟೀಚರ್ ಮುಖವನ್ನೇ ನೋಡಿದಳು. ಮೆಲ್ಲಗೆ ಇಳಿದು, “ಪ... ಪಯಂ” ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೆದುರು ನಿಂತರು. “ಒಂದು ಚಿಪ್ಪು ಎಷ್ಟಮ್ಮ?”

“ನಲವತ್ತು, ಮಿಸ್.” ಆಮೇಲೆ ಸ್ವಲ್ಪ ಯೋಚಿಸಿ, “ನಿಮಗಾದ್ರೆ ಮೂವತ್ತೈದು.”